ಮಗ್ಗದ ಸದ್ದಿನಲ್ಲಿ ಬೆಳೆದ ಗಂಟಲು

ಆಕೆಗೆ ಶೆಡ್ಡಿನಲ್ಲಿ ಗಂಟಲಕ್ಕ ಅಂತಲೇ ಹೆಸರು. ಸಾಲು ಸಾಲು ವಿದ್ಯುತ್ ಮಗ್ಗಗಳು ಒಟ್ಟಿಗೆ ಬಡಿಯುವ ಜಾಗ ಅದು. ಅಲ್ಲಿ ಮೆಲ್ಲಗೆ ಮಾತಾಡುವವರು ಮೂಗರ ಲೆಕ್ಕ. ಮುಷ್ಕರದ ದಿನ ಮೈಕು ಕೈಕೊಟ್ಟರೆ ನಾವು ಮುಂದೆ ತಳ್ಳುತ್ತಿದ್ದುದು ಆಕೆಯನ್ನೇ. ಗಂಡ ತೀರಿಕೊಂಡಿದ್ದ, ಕೂಸನ್ನು ಬಿಟ್ಟು ಬರಲು ಮನೆಯಲ್ಲಿ ಯಾರೂ ಇರಲಿಲ್ಲ. ಮಗ್ಗದ ಪಕ್ಕ, ನೂಲಿನ ಚೀಲಗಳ ನಡುವೆ ಮಲಗಿಸುತ್ತಿದ್ದಳು. ಅಲ್ಲಿ ಬೆಳೆದ ಹೆಣ್ಣುಕೂಸು ತಾಯಿಯ ಹಾಗೆಯೇ ಎದುರಿನವರ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಯಿತು, ತನ್ನ ಮಾತನ್ನು ಕಿರುಚಿ ಹೇಳುವುದನ್ನೂ ಕಲಿಯಿತು. ಮನೆಗೆ ಬಂದರೂ ಅದೇ ಪಾಡು. ತಾಯಿಯ ಕಿವಿ ಅಷ್ಟರಲ್ಲಿ ಮುಕ್ಕಾಲು ಹೋಗಿತ್ತು.

ಮಗಳು ಒಂಬತ್ತನೇ ತರಗತಿಗೆ ಬಂದಳು. ಗಣಿತದ ಮೇಷ್ಟ್ರು ಬೈಯುವಾಗ ತಲೆ ತಗ್ಗಿಸದೆ ಅವರ ಬಾಯನ್ನೇ ದಿಟ್ಟಿಸಿದಳು.

"ಏನೇ ಹಾಗೆ ನೋಡ್ತೀಯಾ?"

"ನೀವು ಹೇಳೋದನ್ನೇ ಕೇಳ್ತಿದೀನಿ ಸಾರ್!" ಕಿಟಕಿ ಅದುರಿತು.

ಇಂಥದ್ದು ನಾಲ್ಕಾರು ಸಲ ಆದಮೇಲೆ ಹೆಡ್‌ಮೇಡಂ ತಾಯಿಯನ್ನು ಕರೆಸಿದರು. "ನಿಮ್ಮ ಮಗಳು ಮೇಷ್ಟ್ರ ಮೇಲೇ ಕೂಗಾಡ್ತಾಳೆ. ಪರೀಕ್ಷೆವರೆಗೆ ನೋಡ್ತೀನಿ. ಸರಿಹೋಗದಿದ್ರೆ ಟಿ.ಸಿ. ತಗೊಂಡು ಹೋಗಿ."

"ಅವಳು ಕೂಗಾಡಲ್ಲ ಮೇಡಂ, ಮಾತಾಡ್ತಾಳೆ!" ಎಂದಳು ಗಂಟಲಕ್ಕ. ಪಕ್ಕದ ಕೋಣೆಯ ಗುಮಾಸ್ತ ಗಾಬರಿಯಿಂದ ಇಣುಕಿದ.

"ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು ಬಿಡಿ," ಅಂದರು ಹೆಡ್‌ಮೇಡಂ.

"ಗೊತ್ತಾದ್ಮೇಲೆ ಟಿ.ಸಿ. ಯಾಕೆ? ಶೆಡ್ಡಲ್ಲಿ ಮಲಗಿಸಿದ್ದು ನಾನು. ಅವಳೇನು ಕೇಳ್ಕೊಂಡಿದ್ಲಾ?"

ಮೇಡಂ ಜಗ್ಗಲಿಲ್ಲ. ಟಿ.ಸಿ. ಕೈಗೆ ಬಂದರೆ ಹುಡುಗಿಗೆ ಉಳಿಯುವುದು ತಾಯಿಯ ಪಕ್ಕದ ಮಗ್ಗ. ಅದೊಂದು ಮಾತ್ರ ಆಗಕೂಡದು ಎಂದು ಗಂಟಲಕ್ಕ ಹಟ ಹಿಡಿದಳು. ಅವತ್ತೇ ಮನೆಯಲ್ಲಿ ಕಾನೂನು ಮಾಡಿದಳು. "ಇನ್ನು ನನ್ನ ಹತ್ರ ದನಿ ತೆಗೀಬೇಡ. ತುಟಿ ಆಡಿಸು, ಸಾಕು."

"ನೀನು ಒಲೆ ಕಡೆ ತಿರುಗಿದ್ರೆ?"

"ಬೆನ್ನು ತಟ್ಟು. ಕೈ ಇಲ್ವಾ ನಿಂಗೆ?"

ಆದರೆ ಮಗಳ ದನಿ ಇಳಿಯಿತೋ ಇಲ್ಲವೋ, ಆಕೆಯ ಕಿವಿಗೆ ಹೇಗೆ ತಿಳಿಯಬೇಕು? ಅದಕ್ಕೆ ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ, ಹುಡುಗಿ ಚಿಕ್ಕಮ್ಮ ಎಂದು ಕರೆಯುವ ಹೆಂಗಸನ್ನು ಹಿಡಿದಳು. ಹುಡುಗಿ ಚಿಕ್ಕಮ್ಮನೆದುರು ಪಾಠ ಓದಬೇಕು, ದನಿ ಏರಿದರೆ ಚಿಕ್ಕಮ್ಮ ಕತ್ತರಿಯಿಂದ ಮೇಜು ಕುಟ್ಟಬೇಕು. ಮೊದಮೊದಲು ಕುಟ್ಟಾಟ ನಿಲ್ಲಲೇ ಇಲ್ಲ.

"ನನ್ನ ಕತ್ತರಿ ಬಟ್ಟೆ ಮುಟ್ಟಿದ್ದೇ ಮರೆತುಹೋಗಿದೆ ಕಣೇ ಅಕ್ಕಾ," ಎಂದು ಚಿಕ್ಕಮ್ಮ ಗೋಳಾಡಿದಳು.

ಒಂದು ದಿನ ಹುಡುಗಿ ತಾಯಿಯ ಮುಂದೆ ಪುಸ್ತಕ ಎಸೆದಳು. "ಇದು ನನ್ನ ಗಂಟಲೇ ಅಲ್ಲಮ್ಮಾ! ಯಾರದ್ದೋ ಕದ್ದ ಹಾಗಿದೆ!"

"ಕದ್ದದ್ದೇ ಆಗ್ಲಿ, ಸ್ಕೂಲಿಗೆ ಹಾಕ್ಕೊಂಡು ಹೋಗು. ಬೀದಿಗೆ ಬಂದ್ಮೇಲೆ ನಿಂದನ್ನೇ ಬಿಡು. ಎತ್ಕೋ ಪುಸ್ತಕ."

ಎತ್ತಿಕೊಂಡಳು. ಕತ್ತರಿ ನಿಧಾನಕ್ಕೆ ಬಟ್ಟೆಯ ಕೆಲಸಕ್ಕೆ ಮರಳಿತು.

ಪರೀಕ್ಷೆ ಮುಗಿದ ಮೇಲೆ ಹೆಡ್‌ಮೇಡಂ ಇಬ್ಬರನ್ನೂ ಕರೆದರು. ಗಣಿತದ ಮೇಷ್ಟ್ರು ಪಕ್ಕದಲ್ಲೇ ಇದ್ದರು. "ಕೂಗಾಟ ನಿಂತಿದೆ ಮೇಡಂ, ಒಪ್ತೀನಿ," ಎಂದರು. "ಆದ್ರೆ ಈಗ್ಲೂ ಮುಖಕ್ಕೆ ಮುಖ ಕೊಟ್ಟು ದಿಟ್ಟಿಸ್ತಾಳೆ."

ಗಂಟಲಕ್ಕ ಮೇಷ್ಟ್ರ ತುಟಿ ನೋಡಿಯೇ ಮಾತನ್ನು ಹಿಡಿದಳು. ಇದ್ದಷ್ಟೂ ದನಿ ಅಡಗಿಸಿ ಹೇಳಿದಳು: "ದನಿ ಇಳಿಸಿದ್ವಿ ಸಾರ್. ಕಣ್ಣು ಇಳಿಸಲ್ಲ."

ಮೇಷ್ಟ್ರು ಹೆಡ್‌ಮೇಡಂ ಕಡೆ ನೋಡಿದರು. ಅವರು ಪೆನ್ನಿನ ಮುಚ್ಚಳ ತೆಗೆದು ಹುಡುಗಿಯ ಹೆಸರನ್ನು ಹತ್ತನೇ ತರಗತಿಗೆ ಬರೆದುಕೊಂಡರು.