ಎಡಗಾಲಿನ ಒಂದಿಂಚು

ನಮ್ಮ ಮಾವನಿಗೆ ಬೀದಿಯವರು ಇಟ್ಟ ಹೆಸರು ಬೂಟು ಮೇಷ್ಟ್ರು. ಅಮ್ಮನ ಅಣ್ಣ. ಮೂವತ್ತು ವರ್ಷದಿಂದ ಅದೇ ಕೋಣೆ, ಅದೇ ಕಿಟಕಿ, ಗೋಡೆ ತುಂಬ ಪಾದದ ಆಕಾರದ ಮರದ ಅಚ್ಚುಗಳು. ಹೊಲಿಗೆ ಮಿಷನ್ನು ನನ್ನದು, ಉಳಿದದ್ದೆಲ್ಲ ಅವನದು. ಒಂದು ಕಾಲು ಗಿಡ್ಡ, ಒಂದು ಪಾದ ಸೊಟ್ಟ, ಇಂಥವರಿಗೆ ಅಳತೆ ತೆಗೆದು ಬೂಟು ಮಾಡಿಕೊಡುವವನು ಈ ಸುತ್ತಿನಲ್ಲಿ ಅವನೊಬ್ಬನೇ.

ಅಂಥವನಿಗೆ ಎರಡು ವರ್ಷದ ಹಿಂದೆ ಫೋನಿನ ಹುಚ್ಚು ಹಿಡಿಯಿತು. ಸಿನಿಮಾ ಅಲ್ಲ, ಹಾಡಲ್ಲ, ಸುದ್ದಿ. ಅದೂ ಎಲ್ಲಿ ನೆರೆ ಬಂತು, ಎಲ್ಲಿ ಬಾಂಬು ಬಿತ್ತು, ಯಾವ ಬಸ್ಸು ಕಂದಕಕ್ಕೆ ಉರುಳಿತು. ಫೋನನ್ನು ಅಂಟಿನ ಡಬ್ಬಿಗೆ ಒರಗಿಸಿಕೊಂಡು, ಒಂದು ಕಣ್ಣು ಚರ್ಮದ ಮೇಲೆ, ಇನ್ನೊಂದು ಅದರ ಮೇಲೆ. ಊಟಕ್ಕೆ ಕೂತರೂ ಬೆರಳು ಉಜ್ಜುತ್ತಲೇ ಇರುತ್ತಿತ್ತು. ಅತ್ತೆ ಬೈದು ಬೈದು ಸುಸ್ತಾದಳು. ಕೇಳಿದರೆ, “ತಿಳ್ಕೊಂಡಿರ್ಬೇಕು ಕಣೆ” ಅನ್ನುತ್ತಿದ್ದ. ತಿಳಿದುಕೊಂಡು ಯಾರನ್ನು ಉದ್ಧಾರ ಮಾಡಿದನೋ ನಾನಂತೂ ಕಾಣೆ. ಪಕ್ಕದ ಇಸ್ತ್ರಿ ಅಂಗಡಿಯವನು ಅವನಿಗೆ ಜೊತೆ. ಇಬ್ಬರೂ ಸೇರಿ ದಿನಕ್ಕೆ ಎರಡು ಸಲ ಭೂಮಿಯನ್ನು ಮುಳುಗಿಸುತ್ತಿದ್ದರು.

ಆಗ ಬಂದವಳು ಅಂಚೆಯಕ್ಕ. ಅಪಘಾತದಲ್ಲಿ ಸೊಂಟ ಮುರಿದು, ಅವಳ ಎಡಗಾಲು ಒಂದಿಂಚು ಗಿಡ್ಡವಾಗಿತ್ತು. ಸೋಮವಾರ ಹಳೇ ಬೀದಿಗಳನ್ನೆಲ್ಲ ನಡೆದು ಟಪಾಲು ಹಂಚಿ ತೋರಿಸಿದರೆ ಆ ಕೆಲಸ ಮತ್ತೆ ಅವಳದು. ಇಲ್ಲವಾದರೆ ಕಚೇರಿಯೊಳಗೆ ಕೂತು ಮುದ್ರೆ ಒತ್ತಬೇಕು.

“ಕೂತ್ರೆ ಸತ್ತೋಗ್ತೀನಿ ಮೇಷ್ಟ್ರೇ,” ಅಂದಿದ್ದಳು.

ಶನಿವಾರ ಬೆಳಿಗ್ಗೆ ಹೊಸ ಬೂಟು ತೊಟ್ಟು ಎದ್ದು ನಿಂತವಳು ಪಕ್ಕಕ್ಕೆ ವಾಲಿ ಗೋಡೆ ಹಿಡಿದಳು. ಮಾವ ಬಗ್ಗಿ ನೋಡಿದ. ಒಂದಿಂಚು ಏರಿಸಿದ ಅಟ್ಟೆ ಬಲಗಾಲಿನ ಬೂಟಿಗೆ ಕೂತಿತ್ತು. ಬೂಟು ಮಗುಚಿಟ್ಟು ಅಟ್ಟೆ ಅಂಟಿಸುವಾಗ ಎಡ ಬಲದ ಹಾಗೆ, ಬಲ ಎಡದ ಹಾಗೆ ಕಾಣುತ್ತದೆ. ಅದಕ್ಕೇ ಮೊದಲು ಸೀಮೆಸುಣ್ಣದ ಗುರುತು ಹಾಕಬೇಕು ಅನ್ನುವುದು ಅವನೇ ನನಗೆ ಕಲಿಸಿದ ಮೊದಲ ಪಾಠ. ಅಂಟು ಹಚ್ಚುವ ಹೊತ್ತಿಗೆ ಯಾವುದೋ ದೇಶದಲ್ಲಿ ಕಾಡು ಉರಿಯುತ್ತಿತ್ತು, ಇವನು ಗುರುತು ಹಾಕಿರಲಿಲ್ಲ.

ಅಂಚೆಯಕ್ಕ ಬೈಯಲಿಲ್ಲ. ಹಳೇ ಚಪ್ಪಲಿ ಮೆಟ್ಟಿಕೊಂಡು, “ಬಿಡಿ, ಮುದ್ರೆ ಒತ್ತೋದೇ ನನ್ನ ಹಣೇಲಿ ಬರ್ದಿದೆ,” ಅಂದಳು. ಬೈದಿದ್ದರೇ ವಾಸಿಯಿತ್ತು. ಮಾವನ ಮುಖ ಕಪ್ಪಿಟ್ಟಿತು.

“ಹಣೇಲಿ ಬರ್ದಿದ್ದಲ್ಲ ತಾಯಿ, ನನ್ನ ಕೈಲಿ ಆಗಿದ್ದು. ಆ ಕಾಡು ಎಷ್ಟು ಎಕರೆ ಸುಟ್ಟೋಯ್ತು ಕೇಳು, ಹೇಳ್ತೀನಿ. ನಿನ್ನ ಯಾವ ಕಾಲು ಗಿಡ್ಡ ಅನ್ನೋದು ಮರ್ತೆ. ನಾಳೆ ಸಂಜೆ ಬಾ.”

ಅವಳು ಹೋದದ್ದೇ ತಡ, ಯಾರೋ ವರ್ಷಗಳಿಂದ ಒಯ್ಯದೆ ಬಿಟ್ಟಿದ್ದ ಗಂಬೂಟಿನೊಳಗೆ ಫೋನನ್ನು ತುರುಕಿ, ಮೇಲೆ ಚಿಂದಿ ಬಟ್ಟೆ ಗಿಡಿದ. ಗಂಬೂಟು ಗುಂಯ್ ಅಂದಿತು. “ಒದರ್ಕೋ,” ಅಂದ ಅದಕ್ಕೆ.

ಹೇಳಿದಷ್ಟು ಸುಲಭವಲ್ಲ. ಗಂಟೆಗೆ ಹತ್ತು ಸಲ ಅವನ ಕೈ ಅಂಟಿನ ಡಬ್ಬಿಯ ಕಡೆ ಹೋಗಿ ಬರಿದೇ ವಾಪಸು ಬರುತ್ತಿತ್ತು. ಮಧ್ಯಾಹ್ನ ಎದ್ದು ಗಂಬೂಟಿನ ಮುಂದೆ ಹೋಗಿ ನಿಂತೇಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

“ಮಾವ, ಎಡಗಾಲು,” ಅಂದೆ.

ರೇಗುತ್ತಾನೆ ಅಂದುಕೊಂಡಿದ್ದೆ. “ಎಡಗಾಲು,” ಅಂದು ಬಂದು ಕೂತ. ಸೀಮೆಸುಣ್ಣ ತೆಗೆದುಕೊಂಡ.

ಇಸ್ತ್ರಿಯವನು ಬಾಗಿಲಲ್ಲಿ ತಲೆ ಹಾಕಿದ. “ಮೇಷ್ಟ್ರೇ, ನೋಡಿದ್ರಾ?”

“ನೋಡಿಲ್ಲ. ನೋಡೋದೂ ಇಲ್ಲ.”

“ಜಗತ್ತೇ ಹೊತ್ತಿ ಉರೀತಿದೆ. ನೀವು ಕಣ್ಣು ಮುಚ್ಕೊಂಡು ಕೂತ್ರೆ ಹೇಗೆ?”

“ಎರಡು ವರ್ಷ ಕಣ್ಣು ಬಿಟ್ಕೊಂಡೇ ಕೂತಿದ್ನಲ್ಲ, ಒಂದು ಕಿಡಿಯಾದ್ರೂ ಆರ್ತಾ? ಹೆದರಿದ್ದು ಸಾಕು, ಇನ್ನು ಹೆದರಲ್ಲ. ಬೆಂಕಿ ಬಿದ್ರೆ ಓಡೋರಿಗೂ ಸರಿಯಾದ ಬೂಟು ಬೇಕು, ಅದನ್ನ ನಾನು ಮಾಡ್ತೀನಿ. ಮೊದ್ಲು ನಿಮ್ಮಂಗಡಿ ನೋಡ್ಕೊಳ್ಳಿ, ಸುಟ್ಟ ವಾಸ್ನೆ ಬರ್ತಿದೆ.”

ನಿಜವಾಗಿಯೂ ಬರುತ್ತಿತ್ತು. ಯಾರದೋ ಅಂಗಿ. ಅವನು ಎದ್ದೆನೋ ಬಿದ್ದೆನೋ ಅಂತ ಓಡಿದ.

ಭಾನುವಾರ ಸಂಜೆ ಅಂಚೆಯಕ್ಕ ಬಂದು, ಬೂಟು ತೊಟ್ಟು ಕೋಣೆಯಲ್ಲಿ ಅತ್ತಿತ್ತ ನಡೆದು, ಅದನ್ನೇ ತೊಟ್ಟುಕೊಂಡು ಹೋದಳು. ನಾಲ್ಕು ಹೆಜ್ಜೆಯ ಕೋಣೆ, ಅದರಲ್ಲಿ ಏನು ಗೊತ್ತಾಗಬೇಕು?

ಸೋಮವಾರ ಮಾವ ಕಿಟಕಿ ಬಿಟ್ಟು ಕದಲಲಿಲ್ಲ. ಹನ್ನೊಂದರ ಹೊತ್ತಿಗೆ ಅವಳು ಬಂದಳು. ಹೆಗಲಲ್ಲಿ ಚೀಲ, ಹತ್ತು ಹೆಜ್ಜೆ ಹಿಂದೆ ಗಡಿಯಾರ ನೋಡಿಕೊಳ್ಳುತ್ತ ಅಂಚೆ ಕಚೇರಿಯ ಸಾಹೇಬ. ನಮ್ಮ ಬೀದಿಯ ಏರು ಗಟ್ಟಿಮುಟ್ಟಾದವರನ್ನೇ ಬಿಡುವುದಿಲ್ಲ. ಅವಳು ಗೋಡೆ ಮುಟ್ಟಲಿಲ್ಲ, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಏದುಸಿರು ಬಿಡುತ್ತಿದ್ದವನು ಸಾಹೇಬ.

ಮಾವನ ಕಣ್ಣು ತುಂಬಿತ್ತು. ಅಷ್ಟರಲ್ಲಿ ಇಸ್ತ್ರಿಯವನು ಫೋನು ಹಿಡಿದು ಓಡಿ ಬಂದ. “ಮೇಷ್ಟ್ರೇ, ಭಾರೀ ಸುದ್ದಿ.”

“ಗೊತ್ತು,” ಅಂದ ಮಾವ, ಕಿಟಕಿಯಿಂದ ಕಣ್ಣು ಕೀಳದೆ. “ಏರು ಹತ್ತಿದ್ಳು.”