ಟೇಕ್ ಎಂಬ ನನ್ನ ಬಂಡವಾಳ

ಬೀದರದ ನನ್ನ ಬಿದರಿ ಸಾಮಾನಿನ ಅಂಗಡಿಗೆ ಬಂದ ಸ್ಪೇನಿನ ಗಿರಾಕಿ ಐವತ್ತು ಹೂದಾನಿ ಬೇಕೆಂದಳು. ನನ್ನ ಇಂಗ್ಲಿಷೆಲ್ಲ ‘ಟೇಕ್’ ಒಂದರ ಮೇಲೆ ನಿಂತಿದೆ: ಟೇಕ್ ಟೀ, ಟೇಕ್ ಇಟ್ ಈಸಿ, ವಿಲ್ ಟೇಕ್ ಕೇರ್, ವಿಲ್ ಟೇಕ್ ಟೈಮ್. ಅವಳಿಗೂ ಇವನ್ನೇ ಅಂದೆ. ಅವಳ ಜೊತೆ ಬಂದಿದ್ದ, ಸ್ಪ್ಯಾನಿಷ್ ಕಲಿತ ಭಾಲ್ಕಿಯ ಮೇಡಂ ಒಂದೊಂದಕ್ಕೂ ಬೇರೆ ಬೇರೆ ಕ್ರಿಯಾಪದ ಹುಡುಕಿ ಅನುವಾದಿಸಿದರು. ಗಿರಾಕಿ ಏನೋ ಅಂದಳು.

“ಏನಂತಾರ್ರಿ ಮೇಡಂ?”

“ಚಹಾ ಕುಡೀರಿ, ಚಿಂತಿ ಬ್ಯಾಡ, ನಾವು ನೋಡ್ಕೋತೀವಿ, ಟೈಮ್ ಹಿಡೀತದ ಅಂದ್ರಿ. ಎಲ್ಲಾ ತಿಳೀತಂತ. ಮಾಲು ಯಾವ ತಾರೀಖಿಗಿ ಕೊಡ್ತೀರಿ? ಹೇಳದಿದ್ರ ಹೈದರಾಬಾದಿಗಿ ಹೋಗ್ತಾರಂತ್ರಿ.”

ಮೂವತ್ತು ವರ್ಷದ ವ್ಯಾಪಾರದಲ್ಲಿ ಮೊದಲ ಬಾರಿ ಮಾಲು ಮಾಡುವ ಕಾರಿಗರನಿಗೆ ಫೋನ್ ಮಾಡಿ, ಕೇಳಿ, ನಿಜವಾದ ತಾರೀಖು ಹೇಳಿದೆ. ಆರ್ಡರ್ ಉಳಿಯಿತು.

ಔರಾದದಿಂದ ಸನ್ಮಾನದ ಫಲಕ ಕೇಳಲು ಬರುವವರಿಗೆ ಇಂದಿಗೂ ತಾರೀಖು ಹೇಳದೆ “ಮಾಡೋಣ್ರಿ” ಅಂತಲೇ ಅನ್ನುತ್ತೇನೆ. ಪುಣ್ಯಕ್ಕೆ ಅವರು ಮೇಡಂ ಅವರನ್ನು ಕರೆತರುವುದಿಲ್ಲ.