ಒಲೆ ಎಣಿಸಿದ ಅಕ್ಕೋರು

ಮೊನ್ನೆ ಪಕ್ಕದ ಮನೆಯಲ್ಲಿ ಕೂಸಿಗೆ ಎರೆದು ಕೆಂಡದ ಮೇಲೆ ಅಜವಾನ ಹಾಕಿದ್ದರು. ಹೊಗೆ ನಮ್ಮ ಕಿಟಕಿಗೂ ಬಂತು. ನೆಲದಲ್ಲಿ ನೀರಿದೆಯೇನೋ ಎಂಬಂತೆ ಕಾಲು ಮೇಲೆತ್ತಿಕೊಂಡು ಕುಳಿತೆ… ಆಮೇಲೆ ಅಕ್ಕೋರು ನೆನಪಾಗಿ ನಗು ಬಂತು.

ಅಕ್ಕೋರು ನನಗೆ ಏಳನೆಯ ತರಗತಿಯಲ್ಲಿ ಲೆಕ್ಕ ಕಲಿಸಿದವರು. ಅಕ್ಕಿಆಲೂರಿಗೆ ಹತ್ತಿರದ ನಮ್ಮ ಊರಿಗೆ ಒಂದು ಮಳೆಗಾಲ ಹೊಳೆ ನುಗ್ಗಿದಾಗ, ನೀರು ಬಂದ ಓಣಿಗಳವರನ್ನು ಶಾಲೆಗೆ ಕರೆತಂದಿದ್ದೆವು. ಬಂದವರ ಮನೆ ನಂಬರನ್ನು ಗೆಳೆಯರು ಬಾಗಿಲಲ್ಲೇ ಮೊಬೈಲಿನಲ್ಲಿ ತುಂಬುತ್ತಿದ್ದರು. ಅದೆಲ್ಲ ಆನ್‌ಲೈನ್ ಹಾಳೆಯೊಂದರಲ್ಲಿ ಸೇರುತ್ತಿತ್ತು. ಡಿಗ್ರಿ ಮುಗಿಸಿದ್ದ ನಾನು ಅದನ್ನು ಪಂಚಾಯಿತಿಯ ಮನೆ ಪಟ್ಟಿಯ ಜೊತೆ ಎಕ್ಸೆಲ್‌ಗೆ ತಂದು, ಓಣಿವಾರು ಒಟ್ಟು ತೋರಿಸುವ ಪಿವೋಟ್ ಟೇಬಲ್ ಮಾಡಿದ್ದೆ: ಓಣಿ, ಬಂದ ಮನೆ, ಬಾಕಿ ಮನೆ. ನೂರಾರು ಸಾಲು ನಾಲ್ಕೇ ಸಾಲಾಗಿ ಕುಳಿತಿದ್ದವು. ಬಾಕಿ ಸೊನ್ನೆಯಾದಾಗ ಎಲ್ಲರಿಗೂ ಚಹಾ ಹೇಳಿದೆ.

ಶಾಲೆಯಲ್ಲೇ ಇದ್ದ ಅಕ್ಕೋರು ಕನ್ನಡಕ ಏರಿಸಿ ಟೇಬಲ್ ನೋಡಿದರು.

“ಇಡೀ ಊರನ್ನ ಅಂಗೈ ಅಗಲಕ್ಕ ತಂದೀಯಲ್ಲೋ. ಏಳನೇತ್ತಾಗ ಭಾಗಾಕಾರ ಅಂದ್ರ ಅಳತಿದ್ದಿ.”

“ಈಗ ಅದ ಮಾಡತೈತ್ರಿ ಅಕ್ಕೋರ. ನಂದು ಬರೇ ಒತ್ತೂದು.”

“ಹಂಗಾರ ಅದನ್ನ ಕೇಳು, ಬಾಣಂತಿ ಎಲ್ಲಿ? ಇಷ್ಟ್ ಮಂದಿ ಕುಂತಾರ, ಎಲ್ಲೂ ಅಜವಾನದ ವಾಸನಿ ಇಲ್ಲ.”

ನೀರು ಬಂದ ಓಣಿಗಳಲ್ಲಿ ಆಗ ಇದ್ದ ಒಬ್ಬಳೇ ಬಾಣಂತಿಯ ಮನೆಯನ್ನು ಟೇಬಲ್ ‘ಬಂದಿದೆ’ ಎಂದೇ ತೋರಿಸುತ್ತಿತ್ತು.

“ಮನಿ ಎಣಿಸೀಯೋ, ಒಲಿ ಎಣಿಸೀಯೋ?” ಎಂದರು ಅಕ್ಕೋರು.

ಅಣ್ಣ-ತಮ್ಮ ಬೇರೆಯಾದ ಮನೆ ಅದು. ನಂಬರು ಒಂದೇ, ಒಲೆ ಎರಡು, ಪರಸ್ಪರ ಮಾತಿಲ್ಲ. ಬಂದಿದ್ದವರು ಮುಂದಿನ ಭಾಗದ ಅಣ್ಣನ ಮನೆಯವರು. ಹಿಂದಿನ ಕೋಣೆಯಲ್ಲಿ ತಮ್ಮನ ಹೆಂಡತಿ, ಹೆರಿಗೆಗೆ ಬಂದ ಮಗಳು ಮತ್ತು ಹತ್ತು ದಿನದ ಕೂಸು ಉಳಿದಿದ್ದರು. ತಮ್ಮ ಔಷಧ ತರಲು ಹಾನಗಲ್ಲಿಗೆ ಹೋಗಿ, ರಸ್ತೆ ಕಟ್ಟಾಗಿ ಅಲ್ಲೇ ಸಿಕ್ಕಿಕೊಂಡಿದ್ದ.

ಟ್ರ್ಯಾಕ್ಟರ್ ಹತ್ತಿ ಹೋದೆವು. ಕೋಣೆಯ ಬಾಗಿಲು ನೆನೆದು ಬಿಗಿದಿತ್ತು. ಒಳಗಿಂದ ಕೂಗು, ಹೊರಗೆ ಮೊಣಕಾಲು ದಾಟಿದ ನೀರು. ಮೂರನೆಯ ಸಲ ಭುಜ ಕೊಟ್ಟಾಗ ತೆರೆಯಿತು. ಈಗಲೂ ಎಷ್ಟೋ ಸಲ ಕನಸಿನಲ್ಲಿ ಅದು ತೆರೆಯುವುದೇ ಇಲ್ಲ, ನಾನು ನೂಕುತ್ತಲೇ ಇರುತ್ತೇನೆ… ಮೂವರೂ ಹೊರಸಿನ ಮೇಲಿದ್ದರು. ನೀರು ಹೊರಸಿನ ಹಗ್ಗ ಮುಟ್ಟಿತ್ತು.

ಶಾಲೆಗೆ ಬಂದ ಮೇಲೆ ಅಕ್ಕೋರು ಕೂಸನ್ನು ಎತ್ತಿ ನೇರವಾಗಿ ಅಣ್ಣನ ಕೈಗೆ ಕೊಟ್ಟರು. “ತಮ್ಮನ ಕೂಡ ಮಾತಾಡಬ್ಯಾಡಪಾ. ಇದನ್ನಷ್ಟ ಹಿಡಕೋ.” ಕೂಸು ಅವನ ಅಂಗಿ ತೋಯಿಸಿತು. ಅಳುತ್ತಿದ್ದವರೂ ನಕ್ಕರು.

ಅವತ್ತೇ ಹಾಳೆಗೆ ‘ಒಲೆ’ ಎಂಬ ಕಾಲಂ ಸೇರಿಸಿದೆ. ಅಕ್ಕೋರು ಪಕ್ಕದಲ್ಲಿ ಕುಳಿತು, ಯಾರ ಮನೆಯಲ್ಲಿ ಯಾರು ಯಾಕೆ ಬೇರೆಯಾದರು ಎಂಬುದನ್ನೂ ಸೇರಿಸಿ, ಊರಿನ ಎಲ್ಲ ಓಣಿಗಳ ಲೆಕ್ಕ ಬರೆಸಿದರು.

ಅಕ್ಕೋರು ಒಬ್ಬರೇ ಇದ್ದವರು. ಹೋದ ಚಳಿಗಾಲ ತೀರಿಕೊಂಡರು. ಈ ಮಳೆಗಾಲಕ್ಕೆಂದು ಪಟ್ಟಿಯನ್ನು ಹೊಸದಾಗಿ ತುಂಬಿಸಿ ಟೇಬಲ್ ಮಾಡಿದಾಗ ಅವರ ಓಣಿಯಲ್ಲಿ ಒಂದು ಒಲೆ ಕಡಿಮೆ ಬಂತು. ಎಲ್ಲೋ ತಪ್ಪಿರಬೇಕೆಂದು ಆನ್‌ಲೈನ್ ಹಾಳೆಗೆ ಹೋಗಿ ಒಂದೊಂದೇ ಸಾಲು ನೋಡುತ್ತ ಇಳಿದೆ… ತಪ್ಪಿರಲಿಲ್ಲ.